ಎರಡು ಚುಕ್ಕೆ, ಒಂದು ಗೀರು

ವನಗೂರು
19 ಆಗಸ್ಟ್ 2024

ಜಯಕುಮಾರನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಆದ್ದರಿಂದ ಕೇಳುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಬಿಡಿಸಿ ನೋಡುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ನನ್ನ ಮೆಷಿನ್ನನ್ನು ಏನು ಮಾಡಿದೆ?

ನಾನು ಮಗಳು ರೀನಾಳ ಮನೆಗೆ ಹೋಗಿದ್ದ ಹೊತ್ತು ನೋಡಿ ಮಗ ಡ್ಯಾನ್ಸ್ಟನ್ ಅದನ್ನು ಬಾಳ್ಳುಪೇಟೆಗೆ ಸಾಗಿಸಿದ. ಅಮ್ಮನ ಹುಟ್ಟುಹಬ್ಬಕ್ಕೆ ಹೊಸದು ಮಾಡಿಸಿ ಇಡಬೇಕೆಂಬ ಆಸೆಯಂತೆ. ಹಳೇ ಹೊಲಿಗೆ ಮೆಷಿನ್ನುಗಳನ್ನು ಹುಡುಕಿ ತಂದು ಹೊಳೆಯಿಸುವವನು ಈ ಸೀಮೆಗೆಲ್ಲ ನೀನೊಬ್ಬನೇ ಎಂದು ಯಾರೋ ಹೇಳಿದ್ದಾರೆ. ನೀನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನಿನ್ನ ಹೆಸರು ನಮ್ಮ ಮನೆಯಲ್ಲಿ ಎತ್ತುವ ಹೆಸರಲ್ಲ.

ಬಂದ ಮೆಷಿನ್ ನೋಡಲು ಚೆನ್ನಾಗಿಯೇ ಇದೆ. ಕಪ್ಪು ಬಣ್ಣ, ಚಿನ್ನದ ಬಳ್ಳಿ, ಪಳಪಳ ಹೊಳೆಯುವ ಚಕ್ರ. ಪಕ್ಕದ ಮನೆಯ ಮಂಜುಶ್ರೀ, "ಅಯ್ಯೋ ಬಾಯಮ್ಮ, ಮದ್ವೆ ಹೆಣ್ಣಿದ್ದಂಗೈತೆ" ಅಂದಳು. ನಾನು ಕೂತು ಗೋಣಿ ಕೊಟ್ಟೆ. ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿದು ಚೂರು ಕಣ್ಣಿನ ಹತ್ತಿರ ಸಿಡಿಯಿತು. ಮೇಲೆ ತಳುಕು, ಒಳಗೆ ಹುಳುಕು!

ನಾನು ರವಿಕೆ ಹೊಲಿಯುವವಳಲ್ಲ ಎಂದು ನಿನಗೆ ಗೊತ್ತು. ಕಾಫಿ ಕೊಯ್ಯುವ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಗೋಣಿಚೀಲ ನನ್ನ ಕೆಲಸ. ಸುತ್ತಲಿನ ಎಸ್ಟೇಟುಗಳಿಗೆಲ್ಲ ಕೊಯ್ಲು ಶುರುವಾಗುವ ಮೊದಲೇ ಹೊಲಿದು ಕೊಡಬೇಕು. ನಮ್ಮ ಯಜಮಾನರು ಕ್ಸೇವಿಯರ್ ತೀರಿಕೊಂಡ ಮೇಲೆ ನಾನು ಮಗನ ಮುಂದೆ, ಸೊಸೆಯ ಮುಂದೆ ಕೈ ಚಾಚದೆ ಬದುಕಿರುವುದು ಆ ಚೀಲಗಳಿಂದ. ಗೋಣಿಯನ್ನು ಮಡಿಕೆ ಮೇಲೆ ಮಡಿಕೆ ಇಟ್ಟರೂ ಹೊಲಿಯುವಂತೆ ಆ ಮೆಷಿನ್ನನ್ನು ಅವರು ತಮ್ಮ ಕೈಯಾರೆ ಬದಲಿಸಿದ್ದರು. ನೀನು ಅವರ ಕೈಯನ್ನೇ ಅಳಿಸಿಬಿಟ್ಟೆ.

ಅವರ ಅಂಗಡಿಯಲ್ಲೇ ಕದ್ದು ಸಿಕ್ಕಿಬಿದ್ದು ಹೊರಗೆ ಹೋದವನು ನೀನು. ಕಲಿಸಿದ ಗುರು ಮಣ್ಣಾದ ಮೇಲೆ ಸೇಡು ತೀರಿಸಿಕೊಂಡೆಯಾ? ಬಿಚ್ಚಿ ತೆಗೆದದ್ದನ್ನೆಲ್ಲ ವಾಪಸ್ ಕಳಿಸು.

ಮೊಡೆಸ್ಟಾ


ಬಾಳ್ಳುಪೇಟೆ
26 ಆಗಸ್ಟ್ 2024

ಶ್ರೀಮತಿ ಮೊಡೆಸ್ಟಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಫೋನ್ ಎತ್ತದಿರಲು ಕಾರಣವಿದೆ. ನನ್ನ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ನಿಮ್ಮ ಬೈಗುಳ ಫೋನಿನಿಂದ ಹೊರಗೆ ಕೇಳುತ್ತದೆ.

ನಾನು ಮೆಷಿನ್ನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದ ಹಳೇ ಎಣ್ಣೆಯನ್ನು ಕೆರೆದು ತೆಗೆದೆ. ತುಕ್ಕು ಉಜ್ಜಿದೆ, ಬಣ್ಣ ಹಾಕಿದೆ. ಕಂಪನಿಯವರು ಮಾಡಿ ಕಳಿಸಿದ ದಿನ ಹೇಗಿತ್ತೋ ಹಾಗೆ ನಿಲ್ಲಿಸಿದೆ. ನಿಮ್ಮ ಮಗ ಕೇಳಿದ್ದೂ ಅದನ್ನೇ. "ಹೊಸದ್ರ ಥರಾ ಆಗ್ಬೇಕು ಕಣ್ರೀ" ಎಂದ. ಆಗಿದೆ.

ಅದರ ಹೊಟ್ಟೆಯಲ್ಲಿ ಏನೇನಿತ್ತು ಕೇಳಿ. ಪೆಡಲ್ಲಿನ ಕೆಳಗೆ ಲಾರಿ ಟೈರಿನ ತುಂಡು. ದಾರ ಬಿಗಿ ಮಾಡುವಲ್ಲಿ ಸೈಕಲ್ ಸೀಟಿನ ಸ್ಪ್ರಿಂಗ್. ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಕಮ್ಮಾರನ ಹತ್ತಿರ ಬಡಿಸಿದ್ದು, ಎತ್ತಿನ ಲಾಳದ ಹಾಗೆ. ಇದನ್ನು ಕೈಕೆಲಸ ಅನ್ನುತ್ತೀರಿ. ನನ್ನ ಕಣ್ಣಿಗೆ ಅದು ಮೆಷಿನ್ನಿಗೆ ಕೊಟ್ಟ ಹಿಂಸೆ. ಎಲ್ಲವನ್ನೂ ಗುಜರಿಯ ಡ್ರಮ್ಮಿಗೆ ಹಾಕಿದೆ.

ನಾನು ಮಾಡಿದ ಮೆಷಿನ್ನುಗಳನ್ನು ಹೋಂಸ್ಟೇಯವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಇದುವರೆಗೆ ಒಬ್ಬರೂ ದೂರು ಹೇಳಿಲ್ಲ.

ವಾಪಸ್ ಕಳಿಸು ಎಂದರೆ ಏನನ್ನು ಕಳಿಸಬೇಕು? ನಿಮಗೆ ಬೇಕಾದ ಭಾಗ ಯಾವುದು, ಅದು ನಿಮ್ಮ ಮನೆಗೆ ಎಲ್ಲಿಂದ ಬಂತು, ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಆಮೇಲೆ ನೋಡೋಣ.

ಜಯಕುಮಾರ್


ವನಗೂರು
5 ಸೆಪ್ಟೆಂಬರ್ 2024

ಜಯಕುಮಾರನಿಗೆ,

ಹೋಂಸ್ಟೇಯವರು ದೂರು ಹೇಳುವುದಿಲ್ಲ, ಯಾಕೆಂದರೆ ಅವರು ನಿನ್ನ ಮೆಷಿನ್ನಿನ ಮೇಲೆ ಹೂವಿನ ಕುಂಡ ಇಡುತ್ತಾರೆ. ಕುಂಡ ಹೊತ್ತುಕೊಂಡು ನಿಲ್ಲಲು ಸೂಜಿ ಯಾಕೆ ಬೇಕು? ಮೆಷಿನ್ ಅಂದರೆ ಹೊಲಿಯಬೇಕು. ಹೊಲಿಯದ ಮೆಷಿನ್ನಿಗೆ ಚಿನ್ನದ ಬಳ್ಳಿ ಬರೆಯುವುದು ಹೆಣಕ್ಕೆ ಪೌಡರ್ ಬಳಿದ ಹಾಗೆ.

ನಿನ್ನ ಪತ್ರ ತಂದುಕೊಟ್ಟ, ಜೀಪ್ ಓಡಿಸುವ ಧರ್ಮ ನನ್ನ ಮುಖ ನೋಡಿ, "ಬಿಟ್ಬುಡಿ ಬಾಯಮ್ಮ, ಹೊಸ ಮೆಷಿನ್ ತಗಂಡ್ರಾಯ್ತು" ಅಂದ. ಪೇಟೆಯ ಹೊಸ ಮೆಷಿನ್ ಗೋಣಿ ಕಂಡರೆ ಹಿಂದಕ್ಕೆ ಸರಿಯುತ್ತದೆ ಎಂದು ಅವನಿಗೇನು ಗೊತ್ತು, ಪಾಪ.

ಸ್ಪಷ್ಟವಾಗಿ ಬರೆಯಬೇಕೇ? ಬರೆಯುತ್ತೇನೆ. ಟೈರು ಸ್ಪ್ರಿಂಗು ಹಾಳಾಗಲಿ, ಅವನ್ನು ನಾನೇ ಮಾಡಿಕೊಳ್ಳಬಲ್ಲೆ. ನನಗೆ ಬೇಕಾದದ್ದು ಶಟಲ್. ಬಾಬಿನ್ನಿನ ಸುತ್ತ ಓಲಾಡಿ ಕೆಳಗಿನ ದಾರವನ್ನು ಮೇಲಿನ ದಾರಕ್ಕೆ ಸಿಕ್ಕಿಸುವ ಆ ಉಕ್ಕಿನ ತುಂಡು. ನೀನು ಅದರ ಜಾಗದಲ್ಲಿ ಬಜಾರಿನ ತಗಡು ಕೂರಿಸಿದ್ದೀಯ. ಮೊದಲಿದ್ದದ್ದು ಭಾರದ್ದು, ಕೈಯಲ್ಲಿ ಹಿಡಿದರೆ ತಣ್ಣಗೆ ಕೂರುತ್ತಿತ್ತು. ಡ್ಯಾನ್ಸ್ಟನ್ ಹುಟ್ಟಿದ ಮಳೆಗಾಲದಲ್ಲಿ ಕ್ಸೇವಿಯರ್ ಅದನ್ನು ನನಗೋಸ್ಕರ ಮಂಗಳೂರಿನಿಂದ ತಂದು, ಅರ ಹಾಕಿ ಉಜ್ಜಿ ಈ ಮೆಷಿನ್ನಿಗೆ ಕೂರಿಸಿದರು. ಮೂರು ಮಳೆಗಾಲದ ಮಾತಲ್ಲ, ನನ್ನ ಮಗನ ವಯಸ್ಸಿನಷ್ಟು ಕಾಲ ಅದು ಓಡಿತು. ಇಬ್ಬರು ಮಕ್ಕಳು ಅದರ ದುಡಿಮೆಯಲ್ಲಿ ಓದಿ ದೊಡ್ಡವರಾದರು.

ಅದು ಅಸಲಿ ಮಾಲು ಎಂದು ನಿನಗೆ ಮೊದಲ ನೋಟಕ್ಕೇ ಗೊತ್ತಾಗಿರುತ್ತದೆ. ಅದಕ್ಕೇ ಮುಚ್ಚಿಟ್ಟುಕೊಂಡೆ. ನಿನ್ನ ಕೈಗೆ ಹಳೇ ಚಾಳಿ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾಗುತ್ತದೆಯೇ?

ಧರ್ಮನ ಕೈಯಲ್ಲಿ ಶಟಲ್ ಕೊಟ್ಟು ಕಳಿಸು.

ಮೊಡೆಸ್ಟಾ


ಬಾಳ್ಳುಪೇಟೆ
12 ಸೆಪ್ಟೆಂಬರ್ 2024

ಶ್ರೀಮತಿ ಮೊಡೆಸ್ಟಾ ಅವರಿಗೆ,

ನೀವಾಗಿಯೇ ಶಟಲ್ಲಿನ ಹೆಸರು ಬರೆಯಲಿ ಎಂದು ಕಾದಿದ್ದೆ. ಬರೆದಿರಿ. ಈಗ ನಾನು ಬರೆಯುತ್ತೇನೆ, ಕೂತು ಓದಿ.

ಶಟಲ್ ನನ್ನ ಮುಂದೆ ಮೇಜಿನ ಮೇಲಿದೆ. ಗುಜರಿಗೆ ಹಾಕಿಲ್ಲ. ಅದರ ಬೆನ್ನಿಗೆ ಎರಡು ಚುಕ್ಕೆ, ಒಂದು ಗೀರು. ಎರಡನೇ ಚುಕ್ಕೆ ಸಾಲು ಬಿಟ್ಟು ಕೆಳಗೆ ಬಿದ್ದಿದೆ. ಅದನ್ನು ಹೊಡೆದವನು ನಾನು.

ಕ್ಸೇವಿಯರ್ ಮೇಸ್ತ್ರಿಯ ಸಕಲೇಶಪುರದ ಅಂಗಡಿಯ ಕಟ್ಟಳೆ ನಿಮಗೂ ಗೊತ್ತು. ಯಾರ ಮೆಷಿನ್ ಬಿಚ್ಚಿದರೂ ಮೊದಲು ಒಂದೊಂದು ಭಾಗಕ್ಕೂ ಆ ಗಿರಾಕಿಯ ಗುರುತು ಹೊಡೆಯಬೇಕು. ಒಬ್ಬರ ಮಾಲು ಇನ್ನೊಬ್ಬರದಕ್ಕೆ ಸೇರಬಾರದು. "ಮೆಷಿನ್ ಕೆಟ್ರೆ ರಿಪೇರಿ ಮಾಡ್ಬೋದು, ನಂಬಿಕೆ ಕೆಟ್ರೆ ಆಗಲ್ಲ ಕಣೋ" ಅನ್ನುತ್ತಿದ್ದರು. ಎರಡು ಚುಕ್ಕೆ ಒಂದು ಗೀರು ಎಸ್ಟೇಟ್ ಬಂಗಲೆಯ ಅಮ್ಮಾವ್ರ ಜರ್ಮನ್ ಮೆಷಿನ್ನಿನದು. ನನ್ನ ಕೈ ಜಾರಿದ್ದಕ್ಕೆ ಮೇಸ್ತ್ರಿ ತಲೆಗೆ ಮೊಟಕಿದ್ದರು. ಹಾಗಾಗಿ ಆ ಚುಕ್ಕೆ ನನಗೆ ಚೆನ್ನಾಗಿ ನೆನಪಿದೆ.

ಆ ಮೆಷಿನ್ನನ್ನು ನಿಮ್ಮ ಅಂಗಡಿಗೆ ಕೊಡಿ ಎಂದು ಅಮ್ಮಾವ್ರಿಗೆ ಹೇಳಿದವಳು ನಮ್ಮವ್ವ ಹುಲಿಯಮ್ಮ. ಬಂಗಲೆಯ ಕಸ ಮುಸುರೆ ಅವಳದು. ಮಗ ಅಲ್ಲಿ ಕೆಲಸ ಕಲಿಯುತ್ತಿದ್ದಾನೆ ಎಂಬ ಹೆಮ್ಮೆ. ಮೆಷಿನ್ ವಾಪಸ್ ಹೋದಾಗ ಒಳಗೆ ಅಸಲಿ ಶಟಲ್ ಇರಲಿಲ್ಲ. ಅಮ್ಮಾವ್ರು ಅಂಗಡಿಗೇ ಬಂದರು. ಮೇಸ್ತ್ರಿ ನನ್ನ ಕಡೆ ಬೆರಳು ತೋರಿಸಿ, "ಬಿಚ್ಚಿದೋನು ಇವ್ನು. ಇವ್ನನ್ನೇ ಕೇಳಿ" ಅಂದರು. ಅಷ್ಟೇ ಅಂದದ್ದು. ಅಷ್ಟು ಸಾಕಾಯಿತು.

ನನ್ನನ್ನು ಅಂಗಡಿಯಿಂದ ಓಡಿಸಿದಿರಿ. ಅವ್ವನನ್ನು ಬಂಗಲೆಯಿಂದ ಬಿಡಿಸಿದರು. ಆಲೂರಿನಿಂದ ಸಕಲೇಶಪುರದವರೆಗೆ ಒಬ್ಬ ಟೈಲರೂ ನನ್ನ ಕೈಗೆ ಸೂಜಿ ಕೊಡಲಿಲ್ಲ. ಅವ್ವ ಬೆಳಗೋಡಿನಲ್ಲಿ ಕಂಡವರ ಗದ್ದೆ ನಾಟಿ ಮಾಡಿ ನನ್ನನ್ನು ಸಾಕಿದಳು. ಸಾಯುವಾಗ ನನ್ನ ಕೈ ಹಿಡಿದು ಕೇಳಿದಳು: "ಈಗ್ಲಾದ್ರೂ ನಿಜ ಹೇಳ್ಬುಡ್ಲಾ. ನೀನೇ ತಗಂಡಿದ್ದಾ?" ನಾನು ಇಲ್ಲ ಅಂದೆ. ಅವಳು ಗೋಡೆ ಕಡೆ ಹೊರಳಿಕೊಂಡಳು.

ಮಂಗಳೂರಿನಿಂದ ತಂದದ್ದು ಅನ್ನುತ್ತೀರಿ. ಡ್ಯಾನ್ಸ್ಟನ್ ಹುಟ್ಟಿದ ಮಳೆಗಾಲ ಅನ್ನುತ್ತೀರಿ. ಆ ಸಲ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿ ಓಡಾಟ ನಿಂತಿತ್ತು. ಹೆರಿಗೆಗೆ ಮಂಗಳೂರಿನ ತವರಿಗೆ ಹೋಗಲಾಗದೆ ನೀವು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕಲೇಶಪುರದ ಆಸ್ಪತ್ರೆಗೆ ನಿಮ್ಮ ಬಟ್ಟೆಗಂಟು ಹೊತ್ತವನು ನಾನೇ. ಬಸುರಿ ಹೆಂಡತಿಗೆ ದಾರಿ ಬಿಡದ ಘಾಟಿ ಶಟಲ್ಲಿಗೆ ದಾರಿ ಬಿಟ್ಟಿತೇ?

ಹೌದು, ಗುರುತು ಕಂಡ ಮೇಲೆ ಅವರ ಕೈಯ ಒಂದೊಂದು ತುಂಡನ್ನೂ ನಾನು ಬೇಕೆಂದೇ ಕಿತ್ತೆ. ನನಗೆ ಅದರಲ್ಲಿ ಕಿಂಚಿತ್ತೂ ಬೇಸರವಿಲ್ಲ.

ಅಕ್ಟೋಬರ್ ಹನ್ನೊಂದಕ್ಕೆ ಆಯುಧಪೂಜೆ. ಈಗ ಟೈಲರ್‌ಗಳೆಲ್ಲ ತಮ್ಮ ಕತ್ತರಿ, ಟೇಪು ತಂದು ನನ್ನ ಅಂಗಡಿಯಲ್ಲೇ ಪೂಜೆಗೆ ಇಡುತ್ತಾರೆ. ನೀವು ಬಂದು ಅವರೆದುರು ಹೇಳಿ: ಕದ್ದವನು ಜಯಕುಮಾರ ಅಲ್ಲ, ಕ್ಸೇವಿಯರ್. ಹೇಳಿ ಶಟಲ್ ತೆಗೆದುಕೊಂಡು ಹೋಗಿ.

ಜಯಕುಮಾರ್


ವನಗೂರು
20 ಸೆಪ್ಟೆಂಬರ್ 2024

ಜಯಕುಮಾರನಿಗೆ,

ಕಥೆ ಚೆನ್ನಾಗಿ ಕಟ್ಟಿದ್ದೀಯ. ಗುರುತು ಹೊಡೆಯಲು ನಿನ್ನ ಕೈಯಲ್ಲಿ ಇವತ್ತಿಗೂ ಪಂಚ್ ಇದೆ, ಸುತ್ತಿಗೆ ಇದೆ. ನಿನ್ನೆ ಹೊಡೆದು ಅಂದಿನದು ಎಂದರೆ ನಾನು ನಂಬಬೇಕೇ?

ನನ್ನ ಗಂಡ ಚರ್ಚಿನ ಕಾಣಿಕೆ ಡಬ್ಬಿಯ ಬೀಗದ ಕೈ ಇಟ್ಟುಕೊಂಡಿದ್ದವರು. ಅವರ ಮಣ್ಣು ಆರಿ ಇನ್ನೂ ಎರಡು ವರ್ಷ ಆಗಿಲ್ಲ. ಬದುಕಿದ್ದಾಗ ಎದುರು ನಿಂತು ಕೇಳುವ ಧೈರ್ಯ ನಿನಗಿರಲಿಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ, ಅದಕ್ಕೇ ಈಗ ಗಂಟಲು ಬಂದಿದೆ.

ನಿನ್ನ ಪತ್ರ ಡ್ಯಾನ್ಸ್ಟನ್ ಕೈಗೆ ಸಿಕ್ಕಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡುವ ಹುಡುಗ, ಯಾರಿಗೂ ದನಿ ಎತ್ತಿ ಮಾತಾಡಿದವನಲ್ಲ. "ಬಾಳ್ಳುಪೇಟೆಗೆ ಹೋಗಿ ಅವ್ನ ಅಂಗಡಿ ಮುರಿದ್ಬುಡ್ತೀನಿ" ಎಂದು ಎದ್ದ. ನಾನೇ ತಡೆದೆ. ತಡೆದದ್ದು ನಿನ್ನ ಮೇಲಿನ ಕರುಣೆಯಿಂದಲ್ಲ.

ಜನರೆದುರು ಗಂಡನಿಗೆ ಕಳ್ಳ ಅನ್ನುವ ಹೆಂಗಸನ್ನು ಬೇರೆ ಎಲ್ಲಾದರೂ ಹುಡುಕು. ನಾನು ಬರುವುದಿಲ್ಲ.

ಮೊಡೆಸ್ಟಾ


ಬಾಳ್ಳುಪೇಟೆ
14 ಅಕ್ಟೋಬರ್ 2024

ಶ್ರೀಮತಿ ಮೊಡೆಸ್ಟಾ ಅವರಿಗೆ,

ನೀವು ಬರಲಿಲ್ಲ. ಬರುವುದಿಲ್ಲ ಎಂದು ಬರೆದಿದ್ದಿರಿ, ಆದರೂ ನಾನು ಒಂದು ಕುರ್ಚಿ ಖಾಲಿ ಬಿಟ್ಟಿದ್ದೆ. ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು.

ಪೂಜೆಗೆ ಮೊದಲು ಎಲ್ಲರೂ ಕೇಳಿದರು, ಯಾರು ಬರಬೇಕು ಎಂದು. ಹಿರಿಯ ಟೈಲರ್ ಮಹಾದೇವಯ್ಯ, "ಹೊತ್ತಾಯ್ತು, ಮಂಗಳಾರತಿ ಎತ್ತು ಮಾರಾಯ" ಅಂದ. ಎತ್ತಿದೆ. ಮಂಡಕ್ಕಿ, ಬಾಳೆಹಣ್ಣು ಹಂಚಿದೆ. ಬೂದುಗುಂಬಳ ಒಡೆದೆ. ಮಹಾದೇವಯ್ಯ ಹೋಗುವಾಗ ತನ್ನ ಕತ್ತರಿಯನ್ನು ಎಣಿಸಿದಂತೆ ಮುಟ್ಟಿ ನೋಡಿ ಚೀಲಕ್ಕೆ ಹಾಕಿಕೊಂಡ. ಪ್ರತಿ ವರ್ಷ ಹಾಗೆಯೇ ಮಾಡುತ್ತಾನೆ. ಬೇರೆ ಯಾರ ಅಂಗಡಿಯಲ್ಲೂ ಅವನು ಹಾಗೆ ಮಾಡುವುದನ್ನು ನಾನು ಕಂಡಿಲ್ಲ.

ನಿಮ್ಮ ಪತ್ರವನ್ನು ಮತ್ತೆ ಓದಿದೆ. ಪಂಚಿನ ಬಗ್ಗೆ ಬರೆದಿದ್ದೀರಿ, ಕಾಣಿಕೆ ಡಬ್ಬಿಯ ಬಗ್ಗೆ ಬರೆದಿದ್ದೀರಿ, ಮಗನ ಸಿಟ್ಟಿನ ಬಗ್ಗೆ ಬರೆದಿದ್ದೀರಿ. ಘಾಟಿಯ ಬಗ್ಗೆ ಒಂದು ಅಕ್ಷರವಿಲ್ಲ.

ಶಟಲ್ಲನ್ನು ಒಂದು ಚೌಕಟ್ಟಿಗೆ ಹಾಕಿಸಿ ಹೋಂಸ್ಟೇಯ ಗೋಡೆಗೆ ಮಾರುತ್ತೇನೆ. ಬೆಂಗಳೂರಿನವರು ಫೋಟೋ ಹೊಡೆದುಕೊಳ್ಳಲಿ. ನೀವು ಈ ಕೊಯ್ಲಿಗೆ ಹಲ್ಲಿನಿಂದ ಗೋಣಿ ಹೊಲಿಯಿರಿ. ಇನ್ನು ನನಗೆ ಪತ್ರ ಬರೆಯಬೇಡಿ, ಬಂದರೆ ಒಲೆಗೆ ಹಾಕುತ್ತೇನೆ.

ಜಯಕುಮಾರ್


ವನಗೂರು
3 ನವೆಂಬರ್ 2024

ಜಯಕುಮಾರನಿಗೆ,

ಒಲೆಗೆ ಹಾಕುವುದಾದರೆ ಓದಿ ಹಾಕು.

ಆಯುಧಪೂಜೆಯ ದಿನ ನಾನು ಬಂದಿದ್ದೆ. ರಸ್ತೆಯ ಈಚೆ ಬದಿ ನಿಂತಿದ್ದೆ. ಮಧ್ಯೆ ಲಾರಿಗಳು ಹೋಗುತ್ತಿದ್ದವು. ನಿನ್ನ ಖಾಲಿ ಕುರ್ಚಿಯೂ ಕಂಡಿತು. ಆ ಟೈಲರ್‌ಗಳ ಮುಖ ನೋಡಿ ವಾಪಸ್ ಬಂದೆ. ನಾನು ಹೇಳುವುದನ್ನು ಅವರು ಮಂಡಕ್ಕಿಯ ಜೊತೆ ಅಗಿದು ಸಂಜೆಗೆ ಹೋಟೆಲಿನಲ್ಲಿ ಉಗುಳುತ್ತಿದ್ದರು. ಅವರಿಗೆ ನಾನು ಯಾಕೆ ಹೇಳಬೇಕು? ನಿನ್ನನ್ನು ಕೇಳಿ, ಉತ್ತರ ನಂಬದೆ ಸತ್ತವಳು ಒಬ್ಬಳೇ.

ನಿನ್ನೆ ನಮಗೆ ಸತ್ತವರ ಹಬ್ಬ. ಗೋರಿಗಳ ಮೇಲೆ ಮೇಣದಬತ್ತಿ ಹಚ್ಚುವ ದಿನ. ಬೆಳಿಗ್ಗೆ ಧರ್ಮನ ಜೀಪು ಹತ್ತಿ ಬೆಳಗೋಡಿಗೆ ಹೋದೆ. ಅಲ್ಲಿ ದೀಪಾವಳಿ, ಬೀದಿ ತುಂಬ ಪಟಾಕಿಯ ಕಾಗದ. ನಿನ್ನ ಚಿಕ್ಕವ್ವ ನಂಜಮ್ಮನ ಮನೆ ಕೇಳಿಕೊಂಡು ಹೋಗಿ, ಹುಲಿಯಮ್ಮನನ್ನು ಮಣ್ಣು ಮಾಡಿದ ಜಾಗ ತೋರಿಸು ಎಂದೆ.

"ಹಬ್ಬದ ದಿನ ಯಾರಾದ್ರೂ ಅಲ್ಲಿಗೆ ಹೋಯ್ತಾರೇನವ್ವ?" ಎಂದಳು.

"ನಮಗೆ ಇವತ್ತೇ ಹಬ್ಬ" ಎಂದೆ.

ಲಂಟಾನ ಬೆಳೆದು ಜಾಗ ಮುಚ್ಚಿಹೋಗಿದೆ. ಅಷ್ಟು ಮೆಷಿನ್ನುಗಳ ತುಕ್ಕು ಉಜ್ಜುವವನಿಗೆ ಹೆತ್ತವಳ ಮಣ್ಣಿನ ಮೇಲಿನ ಮುಳ್ಳು ಕಡಿಯಲು ಬಿಡುವಿಲ್ಲ, ನಾಚಿಕೆಯಾಗಬೇಕು ನಿನಗೆ. ನಂಜಮ್ಮ ಕತ್ತಿಯಿಂದ ಸ್ವಲ್ಪ ಸವರಿದಳು. ಕ್ಸೇವಿಯರ್ ಗೋರಿಗೆಂದು ತಂದಿದ್ದ ದೊಡ್ಡ ಮೇಣದಬತ್ತಿಯನ್ನು ಅಲ್ಲಿ ನೆಟ್ಟು ಹಚ್ಚಿದೆ. ನಂಜಮ್ಮ ಕೇಳುವ ಹಾಗೆಯೇ ಹೇಳಿದೆ: "ಹುಲಿಯಮ್ಮ, ನಿನ್ ಮಗ ತಗಂಡಿಲ್ಲ. ನಮ್ಮನೆಯವ್ರು ತಗಂಡಿದ್ದು. ಆ ಸಲ ಘಾಟಿ ಮುಚ್ಚಿತ್ತು. ಅದು ನಂಗೂ ಗೊತ್ತಿತ್ತು." ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ಅಳಲಿಲ್ಲ.

ಸಂಜೆ ನಮ್ಮ ಸಿಮೆಟ್ರಿಗೆ ಹೋದೆ. ಎಲ್ಲ ಗೋರಿಗಳ ಮೇಲೂ ಬೆಳಕಿತ್ತು. ತೀರ್ಥ ಚಿಮುಕಿಸುತ್ತ ಬಂದ ಫಾದರ್ ನಿಂತು, "ಏನಮ್ಮ, ಕ್ಸೇವಿಯರ್‌ಗೆ ಬತ್ತಿ ತರಲಿಲ್ವಾ?" ಎಂದು ಕೇಳಿದರು. ಡ್ಯಾನ್ಸ್ಟನ್ ಅಂಗಡಿಗೆ ಓಡಲು ಹೊರಟ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. "ಈ ವರ್ಷ ಅವರು ಕತ್ತಲಲ್ಲೇ ಇರಲಿ, ಫಾದರ್" ಅಂದೆ. ಮಗ ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಶಟಲ್ ನನಗೆ ಬೇಡ. ಮಾರಿಕೋ, ಗೋಡೆಗೆ ಹೊಡೆದುಕೋ. ಚೀಲಗಳನ್ನು ದಬ್ಬಳದಿಂದ ಕೈಯಲ್ಲೇ ಹೊಲಿಯುತ್ತಿದ್ದೇನೆ. ಅಂಗೈ ಒಡೆದಿದೆ. ನಿನ್ನ ಕ್ಷಮೆ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಗುರು ಕಟ್ಟಿದ್ದನ್ನು ಕಿತ್ತು ಗುಜರಿಗೆ ಹಾಕಿದವನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮೊಡೆಸ್ಟಾ


ಬಾಳ್ಳುಪೇಟೆ
9 ನವೆಂಬರ್ 2024

ಬಾಯಮ್ಮ,

ಧರ್ಮನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ಒಳಗೆ ಶಟಲ್ ಇದೆ. ಬಂಗಲೆಯವರು ತೋಟ ಮಾರಿ ಹೋಗಿ ಬಹಳ ಕಾಲವಾಯಿತು, ಅದನ್ನು ಕೇಳುವವರು ಈಗ ಯಾರೂ ಇಲ್ಲ. ಗುರುತನ್ನು ಅಳಿಸಿಲ್ಲ, ನೀವೂ ಅಳಿಸಬೇಡಿ. ಸ್ಪ್ರಿಂಗ್ ಮತ್ತು ಆ ಲಾಳದಂಥ ಪಾದವನ್ನು ಗುಜರಿಯ ಡ್ರಮ್ಮಿನಿಂದ ಹೆಕ್ಕಿ ಇಟ್ಟಿದ್ದೇನೆ. ಟೈರಿನ ತುಂಡು ಸಿಗಲಿಲ್ಲ. ಕೂರಿಸುವುದು ನಿಮಗೆ ಬರುತ್ತದೆ. ದಪ್ಪ ಸೂಜಿ ಹಾಕಿ, ಮೊದಲು ಒಂದು ತೊಟ್ಟು ಎಣ್ಣೆ ಬಿಡಿ.

ಮೇಸ್ತ್ರಿಯನ್ನು ನಾನು ಕ್ಷಮಿಸಿಲ್ಲ. ನಿಮಗೆ ಗೊತ್ತಿತ್ತು ಎಂಬುದನ್ನೂ ಮರೆಯುವುದಿಲ್ಲ. ಇದನ್ನು ರಾಜಿ ಎಂದು ತಿಳಿಯಬೇಡಿ. ಕೊಯ್ಲಿನ ಹೆಂಗಸರಿಗೆ ಚೀಲ ಬೇಕು, ಅವರಲ್ಲಿ ಅರ್ಧ ಜನ ನನ್ನವ್ವನಂಥವರು.

ನಿನ್ನೆ ಬೆಳಗೋಡಿಗೆ ಹೋಗಿ ಮುಳ್ಳೆಲ್ಲ ಕಡಿದೆ. ನಿಮ್ಮ ಮೇಣದಬತ್ತಿ ಪೂರ್ತಿ ಉರಿದು, ಮೇಣ ಕರಗಿ ಅವ್ವನ ತಲೆಯ ಹತ್ತಿರದ ಕಲ್ಲಿಗೆ ಅಂಟಿಕೊಂಡಿತ್ತು. ನನ್ನ ಕಿಸೆಯಲ್ಲಿ ಕೆರೆಯುವ ಚಾಕು ಇತ್ತು. ಕೆರೆಯದೆ ಹಾಗೆಯೇ ಬಿಟ್ಟು ಬಂದೆ.

ಜಯಕುಮಾರ್